ಐಚ್ಛಿಕ ಕನ್ನಡಕ್ಕೆ ಹುಡುಗಿಯರೇ ಇಲ್ಲ. ದತ್ತಿ ಹಣ ಯಾರಿಗೆ?

ಪ್ರಶ್ನೆ: ನಾನು ಪದವಿ ಕಾಲೇಜೊಂದರ ವಿದ್ಯಾರ್ಥಿವೇತನ ವಿಭಾಗದಲ್ಲಿದ್ದೇನೆ. ದಾನಿಯೊಬ್ಬರು 1994ರಲ್ಲಿ ತಾಯಿಯ ಹೆಸರಿನಲ್ಲಿ 50,000 ರೂಪಾಯಿ ದತ್ತಿ ಇಟ್ಟಿದ್ದಾರೆ. ‘ನಮ್ಮ ತಾಲ್ಲೂಕಿನ, ಐಚ್ಛಿಕ ಕನ್ನಡ ಓದುವ ಬಡ ವಿದ್ಯಾರ್ಥಿನಿಗೆ ಬಡ್ಡಿ ಕೊಡತಕ್ಕದ್ದು’ ಎಂದು ಪತ್ರದಲ್ಲಿದೆ. ಎರಡು ವರ್ಷದಿಂದ ಐಚ್ಛಿಕ ಕನ್ನಡಕ್ಕೆ (ಪದವಿಯಲ್ಲಿ ಮುಖ್ಯ ವಿಷಯವಾಗಿ ಆರಿಸಿಕೊಳ್ಳುವ ಕನ್ನಡಕ್ಕೆ) ಒಬ್ಬ ಹುಡುಗಿಯೂ ಸೇರಿಲ್ಲ. ಬಿ.ಕಾಂ. ಹುಡುಗಿಗೆ ಕೊಟ್ಟರೆ ತಪ್ಪೇ? ದಾನಿ ಈಗಿಲ್ಲ, ಮಗ ಇದ್ದಾರೆ.

ಉತ್ತರ: ನಿಮ್ಮ ಮೇಜಿನ ಮಟ್ಟದಲ್ಲಿ ತೀರ್ಮಾನಿಸಿ ಕೊಟ್ಟರೆ ತಪ್ಪೇ. ಮೊದಲು ಕಡತದಿಂದ ಮೂಲ ದತ್ತಿಪತ್ರ ತೆಗೆದು ಓದಿ. ಸೂಚನಾ ಫಲಕದ ಪಟ್ಟಿಯನ್ನು ನಂಬಬೇಡಿ. ಅದು ವರ್ಷದಿಂದ ವರ್ಷಕ್ಕೆ ನಕಲಾಗುತ್ತ ‘ಐಚ್ಛಿಕ ಕನ್ನಡ’ ಬರೀ ‘ಕನ್ನಡ’ ಆಗಿಬಿಡುತ್ತದೆ. ಆಮೇಲೆ ಭಾಷಾ ವಿಷಯವಾಗಿ ಕನ್ನಡ ತೆಗೆದುಕೊಂಡವರೆಲ್ಲ ಅರ್ಜಿ ಹಾಕುತ್ತಾರೆ.

ಪತ್ರದಲ್ಲಿ ‘ಅರ್ಹರು ಸಿಗದಿದ್ದರೆ’ ಎಂಬ ಸಾಲು ಇದೆಯೇ ನೋಡಿ. ಇದ್ದರೆ ಅದರಂತೆ ನಡೆಯಿರಿ. ಇಲ್ಲದಿದ್ದರೆ ಆ ವರ್ಷ ಯಾರಿಗೂ ಕೊಡಬೇಡಿ. ಅರ್ಹ ಅರ್ಜಿ ಬಂದಿಲ್ಲವೆಂದು ಸಮಿತಿಯ ನಡಾವಳಿಯಲ್ಲಿ ಬರೆಸಿ, ಬಡ್ಡಿಯನ್ನು ಅದೇ ದತ್ತಿಯ ಲೆಕ್ಕದಲ್ಲಿ ಉಳಿಸಿ. ಕಾಲೇಜಿನ ಸಾಮಾನ್ಯ ನಿಧಿಯಲ್ಲಿ ಬೆರೆತ ಬಡ್ಡಿ ವಾಪಸ್ ಬರುವುದು ಅಪರೂಪ.

ತಾಲ್ಲೂಕಿನ ವಿಷಯದಲ್ಲೂ ಎಚ್ಚರ ಬೇಕು. 2017ರ ನಂತರ ರಾಜ್ಯದಲ್ಲಿ ಹಲವು ತಾಲ್ಲೂಕುಗಳು ಒಡೆದಿವೆ. 1994ರಲ್ಲಿ ದಾನಿ ‘ನಮ್ಮ ತಾಲ್ಲೂಕು’ ಎಂದದ್ದು ಆಗಿನ ಗಡಿಯನ್ನು. ನಿಮ್ಮ ತಾಲ್ಲೂಕೂ ಒಡೆದಿದ್ದರೆ, ಈಗ ಹೊಸ ತಾಲ್ಲೂಕಿಗೆ ಸೇರಿದ ಹಳ್ಳಿಯ ಹುಡುಗಿಯನ್ನು ಹೊರಗಿಡುವಂತಿಲ್ಲ. ಹಳೆಯ ತಾಲ್ಲೂಕಿನ ಹಳ್ಳಿಗಳ ಪಟ್ಟಿಯನ್ನು ಕಡತಕ್ಕೆ ಲಗತ್ತಿಸಿ. ಪ್ರತಿವರ್ಷದ ವಾಗ್ವಾದ ಅಲ್ಲಿಗೇ ಮುಗಿಯುತ್ತದೆ.

ಇನ್ನು ಮಗನ ಮಾತು. ಷರತ್ತು ಬದಲಿಸುವುದಾದರೆ ಅವರ ಒಪ್ಪಿಗೆ ಪತ್ರಕ್ಕೆ ಬೆಲೆ ಇದೆ, ಆದರೆ ಅವರು ದಾನಿಯಲ್ಲ. ಅವರ ಪತ್ರವೊಂದೇ ಸಾಲದು, ಆಡಳಿತ ಮಂಡಳಿಯ ಠರಾವೂ ಬೇಕು. ಸಾರ್ವಜನಿಕ ದತ್ತಿಯ ಮೂಲ ಉದ್ದೇಶ ನಡೆಸಲಾಗದಂತಾದಾಗ ಅದನ್ನು ಬದಲಿಸುವ ಅಧಿಕಾರ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ನ್ಯಾಯಾಲಯಕ್ಕಿದೆ. (ವರ್ಷಕ್ಕೆ ಮೂರು ಸಾವಿರ ಬಡ್ಡಿಗಾಗಿ ಕೋರ್ಟು ಮೆಟ್ಟಿಲು ಹತ್ತಲು ಯಾರಿಗೆ ಪುರುಸೊತ್ತು!) ಹಾಗಾಗಿ ಠರಾವು ದಾನಿಯ ಮನಸ್ಸಿನಿಂದ ಆದಷ್ಟು ಕಡಿಮೆ ದೂರ ಸರಿಯಲಿ. ಅವರಿಗೆ ಬೇಕಿದ್ದದ್ದು ಕನ್ನಡ ಓದುವ ಬಡ ಹುಡುಗಿ. ಐಚ್ಛಿಕ ಕನ್ನಡದವರು ಇಲ್ಲದ ವರ್ಷ, ಅದೇ ತಾಲ್ಲೂಕಿನ ಬಡ ವಿದ್ಯಾರ್ಥಿನಿಯರಲ್ಲಿ ಕನ್ನಡ ಭಾಷಾ ಪತ್ರಿಕೆಯಲ್ಲಿ ಹೆಚ್ಚು ಅಂಕ ಪಡೆದವಳಿಗೆ ಎಂದು ಬರೆದರೆ ನ್ಯಾಯ ಉಳಿಯುತ್ತದೆ. ಅವಳು ಬಿ.ಕಾಂ. ಆದರೂ ಸರಿ. ಬಿ.ಕಾಂ.ಗೆ ಮೊದಲಿಗಳು ಎಂಬ ಕಾರಣಕ್ಕೆ ಕೊಟ್ಟರೆ ಅದು ಬೇರೆಯೇ ದತ್ತಿ.

ಮೊತ್ತವನ್ನೂ ನೋಡಿ. ಶೇ 12ರ ಬಡ್ಡಿಯಲ್ಲಿ 50,000ಕ್ಕೆ ವರ್ಷಕ್ಕೆ 6,000 ಬರುತ್ತದೆ, ಶೇ 6.5ಕ್ಕೆ 3,250 ಮಾತ್ರ. ಪತ್ರದಲ್ಲಿ ‘6,000 ರೂಪಾಯಿ ಕೊಡತಕ್ಕದ್ದು’ ಎಂದಿರುವ ದತ್ತಿಗಳಲ್ಲಿ ಕೊರತೆ ತುಂಬಲು ಅಸಲಿಗೆ ಕೈಹಾಕುವ ಆಸೆ ಹುಟ್ಟುತ್ತದೆ. ಅಸಲು ಮುಟ್ಟಬೇಡಿ. ಅರ್ಹರಿಲ್ಲದೆ ಉಳಿದ ವರ್ಷಗಳ ಬಡ್ಡಿಯನ್ನು ಠರಾವಿನ ಮೂಲಕ ಅಸಲಿಗೆ ಸೇರಿಸಬಹುದು, ಪತ್ರ ಅದನ್ನು ತಡೆಯದಿದ್ದರೆ.

ಪ್ರಶ್ನೆ: ಮೂರು ವರ್ಷ ಕೊಡುವ ದತ್ತಿ ವೇತನವಿದೆ. ಮೊದಲ ವರ್ಷ ಅರ್ಹಳಾಗಿದ್ದವಳನ್ನು ಪ್ರತಿವರ್ಷ ಮತ್ತೆ ಪರಿಶೀಲಿಸಬೇಕೇ?

ಉತ್ತರ: ಬೇಕು, ಹಣ ಬಿಡುಗಡೆಗೆ ಮುಂಚೆ. ಅಂಕಪಟ್ಟಿಯನ್ನು ವಿದ್ಯಾರ್ಥಿನಿಯಿಂದ ಕೇಳುವ ಬದಲು ವಿಶ್ವವಿದ್ಯಾಲಯದ ಫಲಿತಾಂಶದಲ್ಲೇ ನೋಡಿ. ಮರುಮೌಲ್ಯಮಾಪನಕ್ಕೆ ಹಾಕಿದ್ದರೆ ವೇತನವನ್ನು ರದ್ದು ಮಾಡದೆ ತಡೆಹಿಡಿಯಿರಿ; ಫೇಲಾದವಳು ಪಾಸಾಗಿ ಬರುವಷ್ಟರಲ್ಲಿ ಹಣ ಇನ್ನೊಬ್ಬಳ ಕೈಸೇರಿದ್ದರೆ ಉತ್ತರ ಕೊಡಬೇಕಾದವರು ನೀವೇ.

ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ನಾಡಕಚೇರಿ ಜಾಲತಾಣದಲ್ಲಿ ತಾಳೆ ನೋಡಿ. ಈ ಪ್ರಮಾಣಪತ್ರ ಐದು ವರ್ಷ ಊರ್ಜಿತ, ಅಂದರೆ ನಾಲ್ಕು ವರ್ಷದ ಹಿಂದಿನ ಬಡತನವೂ ಕಾಗದದಲ್ಲಿ ನಡೆಯುತ್ತದೆ. ದತ್ತಿಪತ್ರ ‘ಪ್ರಸಕ್ತ ವರ್ಷದ ಆದಾಯ’ ಕೇಳಿದ್ದರೆ ಹೊಸದನ್ನೇ ಪಡೆಯಿರಿ.

ಎಸ್‌ಎಸ್‌ಪಿಯಲ್ಲಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣ) ಸರ್ಕಾರಿ ವೇತನ ಬಂದಿದೆಯೆಂದು ತಾವಾಗಿಯೇ ಹೆಸರು ತೆಗೆಯುವ ಗುಮಾಸ್ತರಿದ್ದಾರೆ. ಅಂಥವರಿಗೆ ಬೇಡವೆಂದು ದಾನಿ ಬರೆದಿದ್ದರೆ ಮಾತ್ರ ತೆಗೆಯಬೇಕು.

ಹಣ ಕಳಿಸುವಾಗ ಪಾಸ್‌ಬುಕ್ಕಿನ ಮೊದಲ ಪುಟ ಪಡೆಯಿರಿ. ಆಧಾರ್ ಆಧಾರಿತ ಪಾವತಿಯಾದರೆ ಹಣ ಹೋಗುವುದು ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಬ್ಯಾಂಕಿಗೆ, ಆ ಪಾಸ್‌ಬುಕ್ಕಿನ ಖಾತೆಗೇ ಹೋಗುತ್ತದೆಂಬ ಖಾತ್ರಿ ಇಲ್ಲ. ವಿದ್ಯಾರ್ಥಿನಿ ‘ಬಂದಿಲ್ಲ’ ಎಂದರೆ ಮೊದಲು ಆಧಾರ್‌ಗೆ ಜೋಡಿಸಿದ ಬ್ಯಾಂಕಿನಲ್ಲಿ ವಿಚಾರಿಸಲು ಹೇಳಿ.