ನೀಸ್‌ನಿಂದ ಸಾನ್ರೆಮೊಗೆ ಒಂದೇ ದಿನದಲ್ಲಿ ಸೈಕಲ್: ರೋಡ್ ಬೈಕ್ ತಗೊಳ್ಳಾ, ಇ-ಬೈಕ್ ತಗೊಳ್ಳಾ?

ಫ್ರಾನ್ಸಿನ ನೀಸ್‌ನಿಂದ ಬಾರ್ಡರ್ ದಾಟಿ ಇಟಲಿಯ ಸಾನ್ರೆಮೊಗೆ ಹೋಗೋಕೆ ಯಾವ ಸೈಕಲ್ ಅಂತ ಕೇಳಿದೀರ. ಸೈಕಲ್ ವಿಷ್ಯ ಆಮೇಲೆ ನೋಡೋಣ, ಮೊದ್ಲು ಇದು ಹೇಳಿ, ಪಾಸ್‌ಪೋರ್ಟ್ ಎಲ್ಲಿಡ್ತೀರ? "ಬೆಳಿಗ್ಗೆ ಹೊರಟು ಸಂಜೆ ಟ್ರೇನಲ್ಲಿ ವಾಪಸ್, ಲಗೇಜ್ ಏನೂ ಇಲ್ಲ, ಫೋನು ಕಾರ್ಡು ಅಷ್ಟೇ" ಅಂತ ಬರ್ದಿದೀರಲ್ಲ, ನಾನೂ ಹಿಂಗೇ ಹೊರಟಿದ್ದೆ.

ಆಗ ಆಫೀಸಿನವ್ರು ಆನ್‌ಸೈಟ್ ಅಂತ ನೀಸ್ ಹತ್ರದ ಟೆಕ್ ಪಾರ್ಕ್ ಸೋಫಿಯಾ ಆಂಟಿಪೊಲಿಸ್‌ಗೆ ಕಳ್ಸಿದ್ರು, ಇರೋದು ನೀಸ್‌ನಲ್ಲಿ, ಫ್ಲ್ಯಾಟಲ್ಲಿ ಜೊತೆಗೆ ಒಬ್ಬ ದಾವಣಗೆರೆ ಹುಡುಗ. ಜೂನ್ ತಿಂಗಳ ಒಂದು ಭಾನುವಾರ, ಬಾಡಿಗೆ ಸೈಕಲ್, ಸಂಜೆ ಏಳಕ್ಕೆ ಅಂಗಡಿಗೆ ವಾಪಸ್ ಕೊಡ್ಬೇಕು.

ಸಮುದ್ರದ ದಂಡೆ ಅಂದ್ರೆ ರೋಡ್ ಸಮ ಇರುತ್ತೆ ಅಂತ ನೀವು ಅಂದ್ಕೊಂಡಿದೀರ, ಅದನ್ನ ಇಲ್ಲೇ ಬಿಟ್ಬಿಡಿ. ಆಲ್ಪ್ಸ್ ಬೆಟ್ಟ ಸೀದಾ ಬಂದು ಸಮುದ್ರಕ್ಕೆ ಬೀಳೋ ಜಾಗ ಅದು. ನೀಸ್ ಬಂದರು ದಾಟಿದ ತಕ್ಷಣ ಏರು ಶುರು, ಏರಿ ತಿರುಗಿದ್ರೆ ಕೆಳಗೆ ವಿಲ್‌ಫ್ರಾಂಶ್ ಕೊಲ್ಲಿ ಪೂರ್ತಿ ಕಾಣುತ್ತೆ, ಅಲ್ಲಿ ಒಂದ್ ಐದ್ ನಿಮಿಷ ನಿಲ್ಲದೆ ಹೋಗೋರು ಯಾಕೆ ಸೈಕಲ್ ಹೊಡೀತಾರೋ ಗೊತ್ತಿಲ್ಲ. ಬಾರ್ಡರ್ ಪಕ್ಕದ ಮೆಂಟನ್ ಊರಿನ ಕಡೆಗೆ ಮೂರು ರೋಡ್ ಇದೆ, ಒಂದರ ಮೇಲೊಂದು, ಕಾರ್ನಿಶ್ ಅಂತಾರೆ. ಮೇಲಿಂದು 500 ಮೀಟರ್ ಎತ್ತರ ದಾಟುತ್ತೆ, ನೀವು ಕೆಳಗಿಂದೇ ಹಿಡೀರಿ, ಬೋಲ್ಯೂ, ಕಾಪ್ ದಾಯ್, ಮೊನಾಕೊ. ಮೊನಾಕೊದಲ್ಲಿ ಎಫ್1 ನಡೆಯೋ ಬೀದಿಗಳಲ್ಲೇ ಸೈಕಲ್ ಹೊಡೀಬಹುದು, ಟಿವಿಲಿ ನೋಡಿದ ಆ ಹೇರ್‌ಪಿನ್ ತಿರುವಲ್ಲಿ ನಾನು ಬ್ರೇಕ್ ಹಿಡ್ಕೊಂಡೇ ಇಳಿದೆ, ಹಿಂದಿದ್ದ ಸಿಟಿ ಬಸ್ ಡ್ರೈವರ್‌ಗೆ ಪಾಪ ತಾಳ್ಮೆ ಇತ್ತು.

ಮೆಂಟನ್ ದಾಟಿದ್ರೆ ಬಾರ್ಡರ್. ಸೇತುವೆ ಹತ್ರ ಪೊಲೀಸ್ ಬೂತ್ ಇತ್ತು, ಇಟಲಿ ಕಡೆ ಹೋಗೋರನ್ನ ಯಾರೂ ತಲೆ ಎತ್ತಿ ಕೂಡ ನೋಡ್ಲಿಲ್ಲ. ನಾನು ಕೆಟ್ಟಿದ್ದು ಇಲ್ಲೇ. ಫ್ರಾನ್ಸ್, ಇಟಲಿ ಸೇರಿ ಯುರೋಪಿನ ಸುಮಾರು ದೇಶಗಳಿಗೆ ಒಂದೇ ವೀಸಾ, ಅದಕ್ಕೆ ಶೆಂಗೆನ್ ಅಂತಾರೆ. "ನೋಡಪ್ಪ, ಶೆಂಗೆನ್ ಅಂದ್ರೆ ಇದು, ಯಶವಂತಪುರದಿಂದ ಮಲ್ಲೇಶ್ವರಕ್ಕೆ ಹೋದಂಗೆ" ಅಂತ ನನಗೆ ನಾನೇ ಹೇಳ್ಕೊಂಡೆ.

ಪಾಸ್‌ಪೋರ್ಟ್ ಎಲ್ಲಿತ್ತು ಅಂದ್ರೆ ನೀಸ್‌ನಲ್ಲಿ, ಸೂಟ್‌ಕೇಸ್ ಒಳಗೆ, ನಂಬರ್ ಲಾಕ್ ಹಾಕಿ. ಮರ್ತು ಬಿಟ್ಟಿದ್ದಲ್ಲ, ಯೋಚ್ನೆ ಮಾಡಿ ಬಿಟ್ಟಿದ್ದು. ಹೊರಡೋವಾಗ ಅಪ್ಪ ಹೇಳಿದ್ದು ಒಂದೇ ಮಾತು, ಬೇರೆ ಏನ್ ಕಳ್ಕೊಂಡ್ರೂ ಪರ್ವಾಗಿಲ್ಲ, ಅದೊಂದು ಕಳ್ಕೋಬೇಡ ಅಂತ. ನೀಸ್ ಟ್ರಾಮಲ್ಲಿ ಜೇಬುಗಳ್ಳರು ಅಂತ ಆಫೀಸಲ್ಲೂ ಹೆದರಿಸಿದ್ರು. ಜರ್ಸಿ ಹಿಂದಿನ ಜೇಬಲ್ಲಿಟ್ರೆ ಬೆವರಿಗೆ ಒದ್ದೆ ಆಗುತ್ತೆ. ಮತ್ತೆ ಫೋನಲ್ಲಿ ಫೋಟೊ ಇದೆಯಲ್ಲ! ಫೋಟೊ ಇತ್ತು ನಿಜ, ಆದ್ರೆ ಯಾವ ಪುಟದ್ದು? ನನ್ನ ಮುಖ ಇರೋ ಪುಟದ್ದು. ವೀಸಾ ಅಂಟಿಸಿರೋ ಪುಟದ ಫೋಟೊ ತೆಗೆದೇ ಇರ್ಲಿಲ್ಲ, ಎಂಟ್ರಿ ಸೀಲಿಂದೂ ಇಲ್ಲ. ಅಂದ್ರೆ ನಾನು ಭಾರತದವನು ಅನ್ನೋದಕ್ಕೆ ಸಾಕ್ಷಿ ಇತ್ತು, ಯುರೋಪಲ್ಲಿ ಇರೋಕೆ ಪರ್ಮಿಶನ್ ಇದೆ ಅನ್ನೋದಕ್ಕೆ ಏನೂ ಇರ್ಲಿಲ್ಲ. ಇರ್ಲಿ, ಎರಡೂ ಪುಟದ ಫೋಟೊ ಇದ್ದಿದ್ರೂ ಒರಿಜಿನಲ್ಲೇ ಕೇಳ್ತಾರೆ.

ಮಧ್ಯದ ಕಥೆ ಬೇಗ ಹೇಳ್ತೀನಿ. ಬಾರ್ಡರ್ ಆದ್ಮೇಲೆ ಮೊರ್ತೊಲಾ ಏರು, ವೆಂಟಿಮಿಲ್ಯಾ, ಬೋರ್ದಿಗೇರಾ. ಒಸ್ಪೆದಾಲೆತ್ತಿಯಿಂದ ಸೈಕಲ್ ದಾರಿ, ಅದೊಂದಕ್ಕೇ ಈ ರೈಡ್ ಮಾಡ್ಬಹುದು ಮಾರಾಯ್ರೆ. ಹಳೇ ರೈಲ್ವೆ ಲೈನ್ ಅದು, 2001ರಲ್ಲಿ ಹಳಿಯನ್ನ ಒಳಗಡೆಗೆ ಹಾಕಿದ್ರು, ಸಮುದ್ರಕ್ಕೆ ಅಂಟಿಕೊಂಡಿದ್ದ ಹಳೇ ಜಾಗ ಸೈಕಲ್‌ಗೆ ಸಿಕ್ತು, ಸಾನ್ ಲೊರೆಂಜೊ ತನಕ ಸುಮಾರು 24 ಕಿಮೀ. ರೈಲು ಓಡ್ತಿದ್ದ ದಾರಿ ಆದ್ರಿಂದ ಏರಿಳಿತ ಇಲ್ಲವೇ ಇಲ್ಲ. ಕಾಪೊ ನೇರೊ ಸುರಂಗ ಒಂದೂವರೆ ಕಿಮೀಗಿಂತ ಉದ್ದ, ಹೊರಗೆ ಉರಿಬಿಸಿಲು, ಒಳಗೆ ಹೋದ್ರೆ ಬೆನ್ನ ಮೇಲಿನ ಬೆವರು ತಣ್ಣಗಾಗಿ ಮೈ ಜುಂ ಅನ್ನುತ್ತೆ. ಮಿಲಾನ್-ಸಾನ್ರೆಮೊ ರೇಸ್ ಗೊತ್ತಲ್ಲ, 1907ರಿಂದ ನಡೀತಿರೋದು, ಹತ್ತಿರ ಹತ್ತಿರ 300 ಕಿಮೀ ಒಂದೇ ದಿನದಲ್ಲಿ, ಅದರ ಇತಿಹಾಸ ಆ ಸುರಂಗದೊಳಗೆ ಬರ್ದಿದಾರೆ. ಓದ್ತಾ ಓದ್ತಾ ಎದುರಿಂದ ಬರ್ತಿದ್ದ ಅಜ್ಜಿಗೆ ಗುದ್ದೋದು ಸ್ವಲ್ಪದ್ರಲ್ಲಿ ತಪ್ತು. ಸಾನ್ರೆಮೊ ಸೇರೋ ಹೊತ್ತಿಗೆ ಮಧ್ಯಾಹ್ನ, ಅಂಗಡಿ ಎಲ್ಲ ಶಟರ್ ಎಳ್ದಿದ್ರು, ಒಂದು ಬಾರಲ್ಲಿ ಫೊಕಾಚ್ಚಾ ಅನ್ನೋ ಬ್ರೆಡ್ ಸಿಕ್ತು. ಸಸ್ಯಾಹಾರಿ ಅಂತ ಹೇಳಿದೀರಲ್ಲ, ಫರಿನಾತಾ ಕೇಳಿ, ಕಡ್ಲೆಹಿಟ್ಟು ನೀರು ಎಣ್ಣೆ ಉಪ್ಪು ಅಷ್ಟೇ, ನೀಸ್‌ನಲ್ಲಿ ಅದನ್ನೇ ಸೊಕ್ಕಾ ಅಂತಾರೆ.

ವಾಪಸ್ ವೆಂಟಿಮಿಲ್ಯಾ ತನಕ ಸೈಕಲ್, ಅಲ್ಲಿಂದ ನೀಸ್ ಟ್ರೇನ್. ಬಾರ್ಡರ್ ದಾಟಿ ಫ್ರಾನ್ಸಿನ ಮೊದಲ ಸ್ಟೇಷನ್ ಮೆಂಟನ್ ಗರವಾನ್. ಟ್ರೇನ್ ನಿಂತೇ ಇದೆ, ಪೊಲೀಸರು ಹತ್ತಿದ್ರು. 2015ರಿಂದ ಇಟಲಿ ಕಡೆಯಿಂದ ಬರೋರನ್ನ ಫ್ರಾನ್ಸ್ ಚೆಕ್ ಮಾಡುತ್ತೆ, ಇದು ಆ ದಿನ ಆ ಬೋಗಿಲಿ ನನ್ನೊಬ್ಬನಿಗೆ ಬಿಟ್ಟು ಎಲ್ರಿಗೂ ಗೊತ್ತಿತ್ತು. ಶೆಂಗೆನ್ ಅಂದ್ರೆ ವೀಸಾ ಒಂದೇ ಸಾಕು ಅಂತ, ಯಾರೂ ಕೇಳೋದೇ ಇಲ್ಲ ಅಂತ ಅಲ್ಲ. ಮ್ಯಾಪ್ ಹಾಕಿ ಹಾಕಿ ಫೋನ್ ಸತ್ತಿತ್ತು. ಸೈಕಲ್ ಸಮೇತ ಇಳಿಸಿದ್ರು. ಜೋರು ಮಾಡ್ಲಿಲ್ಲ, ಚಾರ್ಜರ್ ಕೂಡ ಕೊಟ್ರು, ಆದ್ರೆ ಮುಖದ ಪುಟ ನೋಡಿ "ವೀಸಾ?" ಅಂದಾಗ ನನ್ನ ಹತ್ರ ಉತ್ತರ ಇಲ್ಲ. ಕೊನೆಗೆ ದಾವಣಗೆರೆ ಹುಡುಗನಿಗೆ ಫೋನ್ ಮಾಡಿ, ಸೂಟ್‌ಕೇಸ್ ನಂಬರ್ ಹೇಳಿ, ಅವನು ಯಾರದೋ ಮನೆ ಊಟಕ್ಕೆ ಹೊರಟಿದ್ದೋನು ಅದು ಬಿಟ್ಟು ಟ್ರೇನ್ ಹತ್ತಿ ಪಾಸ್‌ಪೋರ್ಟ್ ತಂದ. ಬಂದೋನೇ ಪೊಲೀಸರ ಮುಂದೆನೇ "ಲೋ, ನಿಂಗೇನ್ ತಲೆ ಕೆಟ್ಟಿದ್ಯೇನೋ" ಅಂತ ಶುರು ಮಾಡ್ದ, ಅವ್ರಿಗೆ ಕನ್ನಡ ಬರ್ದಿದ್ರೂ ವಿಷ್ಯ ಅರ್ಥ ಆಯ್ತು. ಸೈಕಲ್ ಅಂಗಡಿ ಮುಚ್ಚಿತ್ತು, ಇನ್ನೊಂದು ದಿನದ ಬಾಡಿಗೆ ಬಿತ್ತು.

ಈಗ ನಿಮ್ಮ ಪ್ರಶ್ನೆ. ಇ-ಬೈಕ್ ಬೇಡ. ಏರಿಗೆ ಸುಲಭ ನಿಜ, ಆದ್ರೆ ಸ್ಟೇಷನ್ ಮೆಟ್ಟಿಲಲ್ಲಿ ಅದನ್ನ ಹೊತ್ಕೊಂಡು ಹತ್ತಿ ನೋಡಿ. ಮತ್ತೆ ನೀಸ್‌ನಿಂದಲೇ ಶುರು ಮಾಡ್ಬೇಕು ಅನ್ನೋ ಹಠ ಯಾಕೆ ಅಂತ ನನಗೆ ಅರ್ಥ ಆಗ್ಲಿಲ್ಲ. ಏರು ಅಭ್ಯಾಸ ಇಲ್ಲ ಅಂದ್ರೆ ಬೆಳಿಗ್ಗೆ ವೆಂಟಿಮಿಲ್ಯಾಗೆ ಟ್ರೇನಲ್ಲಿ ಹೋಗಿ, ಅಲ್ಲಿಂದ ಆ ರೈಲ್ವೆ ದಾರಿ ಪೂರ್ತಿ ಹೊಡೀರಿ. ಅಭ್ಯಾಸ ಇದ್ರೆ ಏಳಕ್ಕೆ ಮುಂಚೆ ನೀಸ್ ಬಿಡಿ, ಗೇರ್ ಇರೋ ಮಾಮೂಲಿ ಸೈಕಲ್ ಸಾಕು, ರೋಡ್ ಸುರಂಗಕ್ಕೆ ಲೈಟೂ ಹೊಳೆಯೋ ಜಾಕೆಟ್ಟೂ ಇಟ್ಕೊಳ್ಳಿ, ಇಟಲಿಲಿ ಅದು ಕಾನೂನೇ. ಬಾಡಿಗೆ ಮಾತ್ರ ಮಾರನೇ ದಿನದ ತನಕ ಮಾತಾಡ್ಕೊಳ್ಳಿ. ಪಾಸ್‌ಪೋರ್ಟ್ ಜಿಪ್‌ಲಾಕ್ ಕವರಲ್ಲಿ ಹಾಕಿ, ಜರ್ಸಿ ಜೇಬಲ್ಲಿ ಬೇಡ, ಹ್ಯಾಂಡಲ್ ಬ್ಯಾಗಲ್ಲೂ ಬೇಡ, ಹೊಟ್ಟೆಗೆ ಕಟ್ಟೋ ಚಪ್ಪಟೆ ಪೌಚ್ ಬರುತ್ತಲ್ಲ, ಅದ್ರಲ್ಲಿ.