ಹೊಸ ಮಹಾನಗರದಲ್ಲಿ ಕಡಿಮೆ ಖರ್ಚಿನಲ್ಲಿ ಓಡಾಡಲು ಪ್ರವಾಸಿ ಪಾಸ್ ಕೊಳ್ಳಲೇಬೇಕೇ?

ವಿದೇಶದ ದೊಡ್ಡ ನಗರವೊಂದಕ್ಕೆ ನಾಲ್ಕೈದು ದಿನಗಳ ಮಟ್ಟಿಗೆ ಹೋಗುವವರು ಟ್ಯಾಕ್ಸಿಗೆ ದುಡ್ಡು ಸುರಿಯದೆ ಸುತ್ತಾಡುವುದು ಹೇಗೆ, ವಿಮಾನ ನಿಲ್ದಾಣದಲ್ಲೇ ಪ್ರವಾಸಿ ಪಾಸ್ ಕೊಂಡುಬಿಡಬೇಕೇ ಎಂದು ಕೇಳಿದ್ದೀರಿ. ಪಾಸ್‌ಗೆ ಅವಸರಪಡಬೇಡಿ. ಆ ನಗರದಲ್ಲಿ ದರವನ್ನು ದೂರ ನೋಡಿ ಹಾಕುತ್ತಾರೋ, ಹತ್ತಿದ ಸಲಕ್ಕಿಷ್ಟು ಎಂದು ಹಾಕುತ್ತಾರೋ ಅಥವಾ ಗಂಟೆಯ ಲೆಕ್ಕದಲ್ಲೋ ಎಂಬುದನ್ನು ಮೊದಲು ತಿಳಿದುಕೊಳ್ಳಿ.

ಲಂಡನ್ನನ್ನೇ ನೋಡಿ. ಅಲ್ಲಿ ಆಯ್ಸ್ಟರ್ ಎಂಬ, ಮೊದಲೇ ಹಣ ತುಂಬಿಸಿ ಬಳಸುವ ಪ್ರಯಾಣ ಕಾರ್ಡನ್ನೋ ತಾಗಿಸಿ ಪಾವತಿಸುವ ಬ್ಯಾಂಕ್ ಕಾರ್ಡನ್ನೋ ಬಳಸುತ್ತ ಹೋದರೆ ದಿನಕ್ಕೆ ಒಂದು ಗರಿಷ್ಠ ಮಿತಿ ಇರುತ್ತದೆ. ಆ ಮಿತಿ ಮುಟ್ಟಿದ ಮೇಲೆ ಮತ್ತೆಷ್ಟು ಓಡಾಡಿದರೂ ಹಣ ಕಡಿತವಾಗುವುದಿಲ್ಲ. ಹೀಗಿರುವಾಗ ದಿನದ ಪಾಸ್ ಏಕೆ ಬೇಕು? ವಾರದ ಮಿತಿಯೂ ಉಂಟು. ಆದರೆ ಅದು ಸೋಮವಾರದಿಂದ ಭಾನುವಾರದವರೆಗಿನ ಲೆಕ್ಕ, ಗುರುವಾರ ಬಂದಿಳಿದವರಿಗೆ ಅಷ್ಟಾಗಿ ಒದಗುವುದಿಲ್ಲ. ಬಸ್ಸಿನಲ್ಲಿ ಮೊದಲ ಸಲ ಕಾರ್ಡ್ ತಾಗಿಸಿದ ಒಂದು ಗಂಟೆಯೊಳಗೆ ಬೇರೆ ಬಸ್ ಹತ್ತಿದರೆ ಮತ್ತೆ ದರವಿಲ್ಲ. ಒಂದು ಎಚ್ಚರಿಕೆ: ಬೆಳಿಗ್ಗೆ ಮೊಬೈಲ್, ಸಂಜೆ ಪ್ಲಾಸ್ಟಿಕ್ ಕಾರ್ಡ್ ತಾಗಿಸಿದರೆ, ಎರಡೂ ಒಂದೇ ಬ್ಯಾಂಕ್ ಖಾತೆಯವಾಗಿದ್ದರೂ, ಯಂತ್ರದ ಪಾಲಿಗೆ ನೀವು ಇಬ್ಬರು. ಮಿತಿಯ ಲಾಭ ಕೈತಪ್ಪುತ್ತದೆ. ಮನೆಮಂದಿಯೆಲ್ಲ ಹೋಗುವುದಾದರೆ ದೊಡ್ಡವರಿಗೆ ಒಬ್ಬೊಬ್ಬರಿಗೂ ಒಂದೊಂದು ಕಾರ್ಡ್ ಬೇಕು. ವಿದೇಶದಲ್ಲಿ ಬಳಸಿದ್ದಕ್ಕೆ ನಿಮ್ಮ ಬ್ಯಾಂಕ್ ಎಷ್ಟು ಶುಲ್ಕ ಹಾಕುತ್ತದೆ ಎಂದು ಹೊರಡುವ ಮುನ್ನವೇ ವಿಚಾರಿಸಿಕೊಳ್ಳಿ.

ಕಾರ್ಡನ್ನು ಎಲ್ಲಿ ತಾಗಿಸಬೇಕು ಎಂಬುದನ್ನು ಪ್ರತಿ ಊರಿನಲ್ಲೂ ಹೊಸದಾಗಿ ಕಲಿಯಬೇಕು. ಲಂಡನ್ನಿನ ಬಸ್ಸಿನಲ್ಲಿ ಹತ್ತುವಾಗ ಮಾತ್ರ ತಾಗಿಸಿದರೆ ಸಾಕು. ಸಿಂಗಪುರದ ಬಸ್ಸಿನಲ್ಲಿ ಇಳಿಯುವಾಗಲೂ ತಾಗಿಸಬೇಕು. ಮರೆತರೆ ನೀವು ಎರಡೇ ನಿಲ್ದಾಣ ಹೋಗಿದ್ದರೂ ಮಾರ್ಗದ ಕೊನೆಯವರೆಗಿನ ದರ ಬೀಳುತ್ತದೆ. ಬರ್ಲಿನ್ನಿನ ಮೆಟ್ರೋ ನಿಲ್ದಾಣಗಳಲ್ಲಿ ತಡೆಗೇಟುಗಳೇ ಇಲ್ಲ, ನೇರವಾಗಿ ರೈಲಿನವರೆಗೆ ನಡೆದುಹೋಗಬಹುದು. ಆದರೆ ಕಾಗದದ ಟಿಕೆಟ್ ಕೊಂಡರೆ ಹತ್ತುವ ಮುನ್ನ ಪ್ಲಾಟ್‌ಫಾರ್ಮಿನಲ್ಲಿರುವ ಪುಟ್ಟ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ಮುದ್ರೆಯಿಲ್ಲದ ಟಿಕೆಟ್ ಜೇಬಿನಲ್ಲಿದ್ದರೂ ತಪಾಸಣೆಯವರು 60 ಯೂರೋ ದಂಡ ಹಾಕುತ್ತಾರೆ. ಪ್ರಾಮಾಣಿಕವಾಗಿ ಹಣ ಕೊಟ್ಟವರೇ ಇದರಲ್ಲಿ ಸಿಕ್ಕಿಬೀಳುವುದು ನನಗೆ ತೀರಾ ಬೇಸರದ ಸಂಗತಿ. ಅದಕ್ಕಾಗಿಯೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಾಗೆಂದು ಪಾಸ್‌ಗಳೆಲ್ಲ ವ್ಯರ್ಥವೆಂದಲ್ಲ. ಟೋಕಿಯೋದಲ್ಲಿ ಪ್ರವಾಸಿಗರಿಗೆಂದೇ ಸಿಗುವ ಸುರಂಗ ರೈಲಿನ ಟಿಕೆಟ್ 24, 48 ಅಥವಾ 72 ಗಂಟೆಗಳದ್ದು, ಮೊದಲು ಬಳಸಿದ ಗಳಿಗೆಯಿಂದ ಲೆಕ್ಕ. ಮಧ್ಯಾಹ್ನ ಆರಂಭಿಸಿದರೂ ನಷ್ಟವಿಲ್ಲ. ಆದರೆ ಅದು ಜೆಆರ್ (ಜಪಾನ್ ರೈಲ್ವೇಸ್) ಸಂಸ್ಥೆಯ ರೈಲುಗಳಿಗೆ ಸಲ್ಲುವುದಿಲ್ಲ. ಜೆಆರ್‌ನ ಯಾಮಾನೋತೆ ಮಾರ್ಗವನ್ನೇ ನೆಚ್ಚಿಕೊಂಡು ಕೋಣೆ ಹಿಡಿದಿದ್ದರೆ ಪಾಸ್ ಕೈಯಲ್ಲಿದ್ದೂ ದುಡ್ಡು ಕೊಡುತ್ತಿರಬೇಕಾಗುತ್ತದೆ. ಪ್ಯಾರಿಸ್ಸಿನ ನವಿಗೋ ವಾರದ ಪಾಸ್ ಕೂಡ ಲಂಡನ್ನಿನ ವಾರದ ಮಿತಿಯಂತೆ ಸೋಮವಾರಕ್ಕೇ ಆರಂಭವಾಗುತ್ತದೆ.

ಕೋಣೆಯ ವಿಷಯ ಬಂತು. ಊರಾಚೆ ಅಗ್ಗದ ಕೋಣೆ ಕಂಡ ಕೂಡಲೇ ಕಾಯ್ದಿರಿಸಬೇಡಿ. ಹೋಗಿಬರುವ ಖರ್ಚನ್ನು ಜನ ಎಷ್ಟು, ದಿನ ಎಷ್ಟು ಎಂದು ಗುಣಿಸಿ ಕೋಣೆಯ ಬಾಡಿಗೆಗೆ ಸೇರಿಸಿ ನೋಡಿ. ಕೊನೆಯ ರೈಲಿನ ಸಮಯವನ್ನೂ ನೋಡಿಕೊಳ್ಳಿ.

ಮೆಟ್ರೋ ನಕ್ಷೆಯನ್ನು ದೂರದ ಅಳತೆಗೆ ನಂಬಬೇಡಿ. ಅದನ್ನು ಬರೆಯುವುದು ಯಾವ ಮಾರ್ಗ ಎಲ್ಲಿ ಕೂಡುತ್ತದೆ ಎಂದು ತೋರಿಸಲು. ಲಂಡನ್ನಿನ ಲೆಸ್ಟರ್ ಸ್ಕ್ವೇರ್ ಮತ್ತು ಕೋವೆಂಟ್ ಗಾರ್ಡನ್ ನಿಲ್ದಾಣಗಳ ನಡುವೆ ಇರುವುದು ಸುಮಾರು 260 ಮೀಟರ್ ಮಾತ್ರ. ನೆಲದಡಿಗೆ ಇಳಿದು, ರೈಲು ಕಾದು, ಮತ್ತೆ ಮೇಲೇರುವಷ್ಟರಲ್ಲಿ ನಡೆದೇ ತಲುಪಿರುತ್ತೀರಿ. ನ್ಯೂಯಾರ್ಕ್ ಸುರಂಗ ರೈಲಿನಲ್ಲಿ ಒಂದು ನಿಲ್ದಾಣಕ್ಕೂ ಊರಿನ ಆ ತುದಿಗೂ ಒಂದೇ ದರ. ಅಂಥ ಕಡೆ ಹತ್ತಿರಕ್ಕೆ ನಡೆಯಿರಿ, ದೂರಕ್ಕೆ ರೈಲು ಹತ್ತಿ. ಅಲ್ಲಿನ ಸ್ಟ್ಯಾಟನ್ ಐಲ್ಯಾಂಡ್ ದೋಣಿಗೆ 1997ರಿಂದ ಟಿಕೆಟ್ಟೇ ಇಲ್ಲ, ಸ್ವಾತಂತ್ರ್ಯ ದೇವಿಯ ಪ್ರತಿಮೆ ದಾರಿಯಲ್ಲೇ ಕಾಣುತ್ತದೆ.

ಟ್ಯಾಕ್ಸಿಯನ್ನು ಪೂರ್ತಿ ಬಿಡಬೇಕೆಂದೂ ಹೇಳುವುದಿಲ್ಲ. ನಡುರಾತ್ರಿ ಮಕ್ಕಳು, ಮುದುಕರು, ನಾಲ್ಕು ಪೆಟ್ಟಿಗೆಗಳೊಂದಿಗೆ ಇಳಿದಾಗ ನಾಲ್ವರ ಎಕ್ಸ್‌ಪ್ರೆಸ್ ರೈಲು ಟಿಕೆಟ್ಟಿಗಿಂತ ಒಂದು ಟ್ಯಾಕ್ಸಿಯೇ ಅಗ್ಗವಾಗುವುದುಂಟು.