ನೋಟರಿ ಸೀಲ್ ಬಿದ್ದ ತಕ್ಷಣ ರಾಜಿ ಪತ್ರ ಡಿಕ್ರಿ ಆಗಲ್ಲ

ಪ್ರಶ್ನೆ: ಜಮೀನು ಪಾಲಿನ ಕೇಸು ನಡೀತಿರುವಾಗಲೇ ಊರ ಹಿರಿಯರ ಮುಂದೆ ಅಣ್ಣನ ಜೊತೆ ರಾಜಿ ಆಯ್ತು. ಛಾಪಾ ಕಾಗದದಲ್ಲಿ ಬರೆದು ನೋಟರಿನೂ ಮಾಡ್ಸಿದ್ವಿ. ಈಗ ಅಣ್ಣ ಉಲ್ಟಾ ಹೊಡೀತಿದಾನೆ. ಪೊಲೀಸ್ ಕಂಪ್ಲೇಂಟ್ ಕೊಡ್ಲಾ?

ಬೇಡ. ಪಾಲು ಅಳೆದು ಕೊಡೋದು ಪೊಲೀಸರ ಕೆಲಸ ಅಲ್ಲ. ಈ ಪ್ರಶ್ನೆ ಎಷ್ಟು ಸಲ ಬಂದಿದೆ ಅಂದ್ರೆ ನನಗೇ ಬೇಜಾರಾಗಿದೆ, ಟೈಪಿಂಗ್ ಅಂಗಡಿ ಮುಂದೆ ಕೂತು "ನೋಟರಿ ಆದ್ರೆ ಡಿಕ್ರಿಗೆ ಸಮ" ಅಂತ ಹೇಳಿ ದುಡ್ಡು ಈಸ್ಕೊಳ್ಳೋರನ್ನ ಮೊದಲು ಒದ್ದು ಓಡಿಸ್ಬೇಕು. ಡಿಕ್ರಿ ಅಂದ್ರೆ ಕೋರ್ಟು ಕೊಡೋ ತೀರ್ಪಿನ ಆದೇಶ. ನೋಟರಿ ಸೀಲು ಸಹಿ ಯಾರದ್ದು ಅನ್ನೋದಕ್ಕೆ ಸಾಕ್ಷಿ, ಅಷ್ಟೇ.

ಕೇಸು ಬಾಕಿ ಇದ್ರೆ ರಾಜಿ ಬರವಣಿಗೇಲಿ ಇರ್ಬೇಕು, ಪಾರ್ಟಿಗಳ ಸಹಿ ಇರ್ಬೇಕು, ಅದನ್ನ ಕೋರ್ಟ್ ಮುಂದೆ ಇಡ್ಬೇಕು, ಜಡ್ಜ್ ಒಪ್ಪಿ ದಾಖಲು ಮಾಡಿದ್ಮೇಲೆ ಡಿಕ್ರಿ, ಆಮೇಲೆ ಅಮಲ್ಜಾರಿ, ಅಂದ್ರೆ ಡಿಕ್ರಿ ಜಾರಿ ಮಾಡ್ಸೋದು. ಇದು ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆರ್ಡರ್ 23 ರೂಲ್ 3. ಅಣ್ಣ "ರಾಜಿನೇ ಆಗಿಲ್ಲ" ಅಂದ್ರೂ ಗಾಬರಿ ಬೇಡ, ಆಗಿದ್ಯೋ ಇಲ್ವೋ ಅಂತ ಅದೇ ಕೋರ್ಟು ತೀರ್ಮಾನ ಮಾಡ್ಬೇಕು ಅಂತ ಅದೇ ರೂಲ್ ಹೇಳುತ್ತೆ. ಹೊಸ ದಾವೆ ಹಾಕೋಕೆ ಓಡ್ಬೇಡಿ, ನಡೀತಿರೋ ಕೇಸಲ್ಲೇ ಅರ್ಜಿ ಹಾಕಿ.

ಆದ್ರೆ ಪತ್ರದಲ್ಲಿ ಏನಿದೆ ಅಂತ ಮೊದಲು ಓದಿ ನೋಡಿ. "ಅಣ್ಣ ತಮ್ಮಂದಿರು ಅನ್ಯೋನ್ಯವಾಗಿ ಇರತಕ್ಕದ್ದು" ಅಂತ ಬರೆದಿರ್ತಾರೆ, ಸರ್ವೆ ನಂಬರ್ ಇಲ್ಲ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಇಲ್ಲ, ಅದನ್ನ ಯಾವ ಕೋರ್ಟು ಜಾರಿ ಮಾಡುತ್ತೆ? ಮತ್ತೆ ಅಕ್ಕತಂಗಿಯರು? ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ್ಮೇಲೆ ಹೆಣ್ಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು, ಅವರನ್ನ ಬಿಟ್ಟು ಮಾಡ್ಕೊಂಡ ರಾಜಿ ಅವರನ್ನ ಕಟ್ಟಿಹಾಕಲ್ಲ. ಕೇಸಲ್ಲಿ ಮೈನರ್ ಮಕ್ಕಳಿದ್ರೆ ಕೋರ್ಟಿನ ಪರ್ಮಿಷನ್ ಇಲ್ದೆ ಗಾರ್ಡಿಯನ್ ಅವರ ಪರವಾಗಿ ರಾಜಿ ಮಾಡೋ ಹಾಗಿಲ್ಲ. ಊರ ಹಿರಿಯರು ಇದನ್ನೆಲ್ಲ ಕೇಳಲ್ಲ, ಅವರಿಗೆ ಸಂಜೆಯೊಳಗೆ ಪಂಚಾಯ್ತಿ ಮುಗಿದ್ರೆ ಸಾಕು.

ಲೋಕ ಅದಾಲತ್‌ಗೆ ಹೋದ್ರೆ ಲಾಭ ಏನು?

ಅಲ್ಲಿ ಆದ ರಾಜಿ ತೀರ್ಪು, ಅಂದ್ರೆ ಅವಾರ್ಡ್‌ಗೆ ಡಿಕ್ರಿಯಷ್ಟೇ ಬಲ, ಕಟ್ಟಿದ ಕೋರ್ಟ್ ಫೀ ವಾಪಸ್, ಅಪೀಲ್ ಮಾತ್ರ ಇಲ್ಲ. ಅದಕ್ಕೇ ಓದಿ ಸಹಿ ಹಾಕಿ ಅಂತ ಬಡ್ಕೊಳ್ಳೋದು.

ಚೆಕ್ ಬೌನ್ಸ್ ಕೇಸಲ್ಲಿ ರಾಜಿ ಆಗ್ಬಹುದಾ?

ಆಗ್ಬಹುದು, ಚೆಕ್ ಕಾಯ್ದೆಯ (ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್) ಸೆಕ್ಷನ್ 147 ಇರೋದೇ ಅದಕ್ಕೆ.

ಕೊಲೆ ಕೇಸಲ್ಲಿ?

ಇಲ್ಲ. ಎಷ್ಟು ದುಡ್ಡು ಕೊಟ್ರೂ ಇಲ್ಲ.

ರಾಜಿ ಡಿಕ್ರಿ ಆದ್ಮೇಲೆ ಮನಸ್ಸು ಬದಲಾದ್ರೆ?

ಬದಲಾಗ್ಲಿ. ಕೋರ್ಟಿಗೆ ಅದು ಕಾರಣ ಅಲ್ಲ. ಮೋಸ ಮಾಡಿ ಸಹಿ ತಗೊಂಡಿದ್ರೆ ಡಿಕ್ರಿ ಕೊಟ್ಟ ಕೋರ್ಟಿಗೇ ಹೋಗಿ, ಅದೂ ತಡ ಮಾಡ್ದೆ.